ಒಂದೇ ಸ್ಲಾಟ್, ಇಬ್ಬರಿಗೂ ಖಚಿತ: ಒಂದು ವಿದ್ಯಾರ್ಥಿ ವೆಬ್ ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ಪದವಿಯ ಕೊನೆಯ ವರ್ಷದ ನಾಲ್ವರು ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಒಂದು ವೆಬ್ ಅಪ್ಲಿಕೇಶನ್ ಕಟ್ಟಿದರು. ಪ್ರಯೋಗಾಲಯದ ದುಬಾರಿ ಯಂತ್ರಗಳನ್ನು ಯಾರು ಯಾವ ಹೊತ್ತಿಗೆ ಬಳಸುತ್ತಾರೆ ಎಂದು ಮೊದಲೇ ಬುಕ್ ಮಾಡುವ ವ್ಯವಸ್ಥೆ ಅದು. ಬಳಕೆದಾರರಿಗೆ ಕಾಣುವ ಮುಂದಿನ ಭಾಗ ರಿಯಾಕ್ಟ್‌ನಲ್ಲಿ, ಸರ್ವರ್ ನೋಡ್ ಜೆಎಸ್‌ನಲ್ಲಿ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಒಂದೊಂದು ಗಂಟೆಯ ಸ್ಲಾಟುಗಳು. ಕ್ಯಾಲೆಂಡರಿನಲ್ಲಿ ಖಾಲಿ ಇರುವುದು ಹಸಿರು, ತುಂಬಿದ್ದು ಬೂದು. ಹಸಿರನ್ನು ಒತ್ತಿದರೆ ಬುಕ್ ಆಗುತ್ತದೆ. ನೋಡಲು ಚೆಂದ, ಬಳಸಲು ಸುಲಭ. ಪ್ರದರ್ಶನದ ದಿನ ಎಲ್ಲವೂ ಸರಿಯಾಗಿ ನಡೆಯಿತು, ಒಳ್ಳೆಯ ಅಂಕವೂ ಬಂತು.

ವಿಭಾಗದವರಿಗೆ ಅದು ಎಷ್ಟು ಹಿಡಿಸಿತೆಂದರೆ ನಿಜವಾದ ಬಳಕೆಗೇ ತೆಗೆದುಕೊಂಡರು. ವಾರದ ಸ್ಲಾಟುಗಳು ಸೋಮವಾರ ಬೆಳಿಗ್ಗೆ 9ಕ್ಕೆ ತೆರೆಯುತ್ತವೆ ಎಂದು ನಿಯಮ ಮಾಡಿದರು. ಹಾಗಾಗಿ 9 ಹೊಡೆಯುತ್ತಿದ್ದಂತೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಿದ್ದರು. ಸ್ವಲ್ಪ ದಿನದಲ್ಲೇ ದೂರು ಬಂತು. ಸೂಕ್ಷ್ಮದರ್ಶಕದ ಮುಂದೆ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ನಿಂತಿದ್ದಾರೆ. ಇಬ್ಬರ ಫೋನಿನಲ್ಲೂ ‘ನಿಮ್ಮ ಬುಕಿಂಗ್ ಖಚಿತವಾಗಿದೆ’ ಎಂದಿದೆ. ಯಂತ್ರ ಒಂದೇ, ಸಮಯವೂ ಒಂದೇ.

ನಾನು ವೆಬ್ ಅಪ್ಲಿಕೇಶನ್ ಲ್ಯಾಬ್ ನೋಡಿಕೊಳ್ಳುವವಳು. ತಂಡ ನನ್ನ ಬಳಿ ಬಂದಾಗ ಅವರ ಜೊತೆ ಕೂತು ಈ ದೋಷವನ್ನು ಬುಡದವರೆಗೆ ಹುಡುಕಿದೆವು. ವಿಶ್ವವಿದ್ಯಾಲಯದಲ್ಲಿ ವೆಬ್ ಅಭಿವೃದ್ಧಿಯನ್ನು ಹೇಗೆ ಕಲಿಸುತ್ತೇವೆ, ಹೇಗೆ ಅಳೆಯುತ್ತೇವೆ ಎಂಬುದು ಈ ಒಂದು ಪ್ರಕರಣದಲ್ಲಿ ಪೂರ್ತಿ ಕಾಣುತ್ತದೆ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಅನುಮಾನ

ತಂಡದ ಮೊದಲ ಅನುಮಾನ ಸಮಯವಲಯದ ಮೇಲೆ. ಅದು ಬುದ್ಧಿವಂತಿಕೆಯ ಅನುಮಾನವೇ. ಜಾವಾಸ್ಕ್ರಿಪ್ಟಿನಲ್ಲಿ ದಿನಾಂಕವನ್ನು ಐಎಸ್‌ಒ ರೂಪಕ್ಕೆ ತಂದರೆ ಅದು ಯುಟಿಸಿ ಎಂಬ ಜಾಗತಿಕ ಮಾನಕ ಸಮಯಕ್ಕೆ ಬದಲಾಗುತ್ತದೆ. ಕೋಡಿನ ಒಂದು ಕಡೆ ಸ್ಥಳೀಯ ಸಮಯ, ಇನ್ನೊಂದು ಕಡೆ ಯುಟಿಸಿ ಬಳಸಿದರೆ ಒಂದೇ ಹತ್ತು ಗಂಟೆ ಡೇಟಾಬೇಸಿನಲ್ಲಿ ಎರಡು ಬೇರೆ ಸಮಯವಾಗಿ ಕೂರುತ್ತದೆ. ಇಂಥ ದೋಷವನ್ನು ಎಷ್ಟೋ ಪ್ರಾಜೆಕ್ಟುಗಳಲ್ಲಿ ನೋಡಿದ್ದೇನೆ.

ಆದರೆ ಊಹೆ ಮಾಡುತ್ತಾ ಕೂರುವ ಬದಲು ಟೇಬಲ್ ತೆರೆದು ನೋಡಿದೆವು. ಎರಡು ಸಾಲು ಇದ್ದವು. ಯಂತ್ರದ ಸಂಖ್ಯೆ ಒಂದೇ, ಆರಂಭದ ಸಮಯ ಅಕ್ಷರಶಃ ಒಂದೇ. ಬಳಕೆದಾರರು ಮಾತ್ರ ಬೇರೆ. ಸಾಲು ಬರೆದ ಹೊತ್ತನ್ನು ತೋರಿಸುವ ಕಾಲಂ ನೋಡಿದರೆ ಎರಡರ ನಡುವೆ ಒಂದು ಸೆಕೆಂಡಿನ ಅಂತರವೂ ಇಲ್ಲ. ಸಮಯವಲಯದ ಅನುಮಾನ ಅಲ್ಲಿಗೆ ಮುಗಿಯಿತು.

ತಡೆ ಇದ್ದದ್ದು ಎಲ್ಲಿ

“ಮೇಡಂ, ಬುಕ್ ಆಗಿರೋ ಸ್ಲಾಟಿನ ಬಟನ್ ಒತ್ತೋಕೇ ಆಗಲ್ಲ. ಹೇಗೆ ಎರಡು ಸಲ ಆಗುತ್ತೆ?” ಎಂದು ಮುಂದಿನ ಭಾಗ ಬರೆದ ವಿದ್ಯಾರ್ಥಿನಿ ಕೇಳಿದಳು. ಅವಳ ಮಾತು ನಿಜ. ಪುಟ ತೆರೆದಾಗ ಆ ವಾರದ ಬುಕಿಂಗುಗಳೆಲ್ಲ ಸರ್ವರಿನಿಂದ ಬರುತ್ತಿದ್ದವು. ತುಂಬಿದ ಸ್ಲಾಟುಗಳ ಬಟನ್ ಒತ್ತಲು ಬಾರದಂತೆ ಆಗುತ್ತಿತ್ತು.

ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬಿಗೆ ಹೋದೆವು. ಒಂದು ಸ್ಲಾಟ್ ಬುಕ್ ಮಾಡಿದೆವು. ಪಟ್ಟಿಯಲ್ಲಿ ಪೋಸ್ಟ್ ರಿಕ್ವೆಸ್ಟ್, ಅಂದರೆ ಸರ್ವರಿಗೆ ಮಾಹಿತಿ ಕಳಿಸುವ ಕೋರಿಕೆ, ಬಂದು ಕೂತಿತು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಬ್ರೌಸರ್ ಇಲ್ಲದೆಯೇ ರಿಕ್ವೆಸ್ಟ್ ಕಳಿಸುವ ಕರ್ಲ್ ಆಜ್ಞೆಯಾಗಿ ಅದನ್ನು ಕಾಪಿ ಮಾಡಿ, ಟರ್ಮಿನಲ್ಲಿನಲ್ಲಿ ಅಂಟಿಸಿ ಓಡಿಸಿದೆವು. 201 ಬಂತು. ಮತ್ತೆ ಓಡಿಸಿದೆವು. ಮತ್ತೆ 201. ಹೊಸದಾಗಿ ಸೃಷ್ಟಿಯಾಗಿದೆ ಎಂದು ಹೇಳುವ ಸಂಖ್ಯೆ ಅದು. ಒಂದೇ ಸ್ಲಾಟಿಗೆ ಈಗ ಮೂರು ಬುಕಿಂಗ್.

“ಅಂದ್ರೆ ಸರ್ವರ್ ನೋಡೋದೇ ಇಲ್ಲ” ಎಂದ ಸರ್ವರ್ ಭಾಗ ಬರೆದವನು. ಹೌದು, ನೋಡುತ್ತಲೇ ಇರಲಿಲ್ಲ. ಬಂದದ್ದನ್ನು ನೇರ ಟೇಬಲ್ಲಿಗೆ ಬರೆಯುತ್ತಿತ್ತು. ತಡೆ ಇದ್ದದ್ದು ಬ್ರೌಸರಿನಲ್ಲಿ ಮಾತ್ರ. ಬ್ರೌಸರ್ ಓಡುವುದು ಬಳಕೆದಾರರ ಯಂತ್ರದಲ್ಲಿ, ನಮ್ಮ ಹಿಡಿತದಲ್ಲಿ ಅಲ್ಲ. ಅಲ್ಲಿ ತೋರುವ ಚಿತ್ರ ಪುಟ ತೆರೆದ ಕ್ಷಣದ್ದು. ಇಬ್ಬರು 8:59ಕ್ಕೆ ಪುಟ ತೆರೆದು ಕೂತಿದ್ದರೆ ಇಬ್ಬರಿಗೂ ಎಲ್ಲವೂ ಹಸಿರೇ.

1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಬರೆದರು. ಫಾರ್ಮಿನಲ್ಲಿ ತಪ್ಪಿದ್ದರೆ ಸರ್ವರಿಗೆ ಹೋಗಿ ಬರುವ ಮೊದಲೇ ಹೇಳಿಬಿಡುವುದು ಅದರ ಮೊದಮೊದಲ ಉಪಯೋಗಗಳಲ್ಲಿ ಒಂದು. ಅದು ಬಳಕೆದಾರರಿಗೆ ಅನುಕೂಲ ಮಾಡಿಕೊಡುವ ಕೆಲಸ, ಕಾವಲಿನ ಕೆಲಸ ಅಲ್ಲ. ರಿಯಾಕ್ಟ್ ಬಂದ ಮೇಲೂ ಈ ವ್ಯತ್ಯಾಸ ಹಾಗೇ ಇದೆ. ಈಗ ಒಂದೇ ಫೋಲ್ಡರಿನಲ್ಲಿ, ಒಂದೇ ಭಾಷೆಯಲ್ಲಿ ಎರಡೂ ಕಡೆಯ ಕೋಡ್ ಬರೆಯುತ್ತೇವೆ. ಹಾಗಾಗಿ ಯಾವ ಸಾಲು ಎಲ್ಲಿ ಓಡುತ್ತದೆ ಎಂಬುದು ಕಲಿಯುವವರ ಕಣ್ಣಿಗೆ ಬೀಳುವುದೇ ಇಲ್ಲ, ಅಷ್ಟೇ.

ಸರ್ವರಿಗೆ ಬಂದ ಮೇಲೂ

ತಂಡ ಆ ಸಂಜೆಯೇ ತಡೆಯನ್ನು ಸರ್ವರಿಗೆ ಹಾಕಿತು. ಕೋಡ್ ಮೂರೇ ಹೆಜ್ಜೆ: ಈ ಯಂತ್ರಕ್ಕೆ, ಈ ಸಮಯಕ್ಕೆ ಬುಕಿಂಗ್ ಇದೆಯಾ ಎಂದು ಡೇಟಾಬೇಸನ್ನು ಕೇಳು, ಇದ್ದರೆ ಆಗುವುದಿಲ್ಲ ಎನ್ನು, ಇಲ್ಲದಿದ್ದರೆ ಹೊಸ ಸಾಲು ಬರೆ. ಕರ್ಲ್ ಎರಡು ಸಲ ಓಡಿಸಿದರೆ ಎರಡನೆಯದಕ್ಕೆ ನಿರಾಕರಣೆ ಬಂತು. ಎಲ್ಲರ ಮುಖದಲ್ಲೂ ಸಮಾಧಾನ.

ಮೊದಲ ಹೆಜ್ಜೆ ಮತ್ತು ಕೊನೆಯ ಹೆಜ್ಜೆಯ ನಡುವೆ ಎರಡು ಸೆಕೆಂಡಿನ ವಿಳಂಬ ಹಾಕಿ ನೋಡಿ ಎಂದೆ. ಆಮೇಲೆ ಎರಡು ಟರ್ಮಿನಲ್ ತೆರೆದು, ಎರಡರಲ್ಲೂ ಒಟ್ಟಿಗೆ ಎಂಟರ್ ಒತ್ತಿ ಎಂದೆ. ಎರಡಕ್ಕೂ 201 ಬಂತು.

ಇಲ್ಲಿ ತಂಡದಿಂದ ಬಂದ ಆಕ್ಷೇಪ ನನಗೆ ತುಂಬಾ ಇಷ್ಟವಾಯಿತು. “ನೋಡ್ ಜೆಎಸ್ ಒಂದೇ ಥ್ರೆಡ್ ಅಲ್ವಾ ಮೇಡಂ? ಎರಡು ರಿಕ್ವೆಸ್ಟ್ ಒಟ್ಟಿಗೆ ಓಡೋಕೆ ಸಾಧ್ಯವೇ ಇಲ್ಲ.” ಓದಿದ್ದನ್ನು ಸರಿಯಾಗಿಯೇ ನೆನಪಿಟ್ಟುಕೊಂಡಿದ್ದಾರೆ. ರಯಾನ್ ಡಾಲ್ 2009ರಲ್ಲಿ ನೋಡ್ ತಂದಾಗ ಅದರ ಮುಖ್ಯ ವಿಚಾರವೇ ಅದು: ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಥ್ರೆಡ್‌ನಲ್ಲಿ (ಕೆಲಸದ ಒಂದೇ ಸರಣಿಯಲ್ಲಿ), ಕಾಯಬೇಕಾದ ಕೆಲಸ ಬಂದರೆ ಕಾಯುತ್ತಾ ನಿಲ್ಲುವುದಿಲ್ಲ. ಈ ಎರಡನೆಯ ಅರ್ಧದಲ್ಲೇ ವಿಷಯ ಇದೆ. ‘ಅವೈಟ್’ ಎಂದು ಬರೆದ ಕಡೆಯೆಲ್ಲ ನೋಡ್ ಆ ಕೆಲಸವನ್ನು ಪಕ್ಕಕ್ಕಿಟ್ಟು ಮುಂದಿನ ರಿಕ್ವೆಸ್ಟನ್ನು ಎತ್ತಿಕೊಳ್ಳುತ್ತದೆ. ಒಬ್ಬನೇ ಗುಮಾಸ್ತ ಒಂದು ಕಡತಕ್ಕೆ ಉತ್ತರ ಬರುವವರೆಗೆ ಅದನ್ನು ಬದಿಗಿಟ್ಟು ಇನ್ನೊಂದನ್ನು ಬಿಚ್ಚುವ ಹಾಗೆ. ಗುಮಾಸ್ತ ಒಬ್ಬನೇ, ಮೇಜಿನ ಮೇಲೆ ಅರ್ಧ ಮುಗಿದ ಕಡತಗಳು ಮಾತ್ರ ಹಲವು.

ಅದನ್ನು ಅವರು ಕಣ್ಣಾರೆ ನೋಡಲಿ ಎಂದು ಪ್ರತಿ ಹೆಜ್ಜೆಗೂ ಒಂದು ಲಾಗ್ ಸಾಲು ಹಾಕಿಸಿದೆ. ಎರಡು ರಿಕ್ವೆಸ್ಟುಗಳನ್ನು ಎ, ಬಿ ಎಂದು ಕರೆದರೆ ಪರದೆಯ ಮೇಲೆ ಬಂದದ್ದು ಹೀಗೆ:

ಎ: ಕೇಳಿದೆ
ಬಿ: ಕೇಳಿದೆ
ಎ: ಖಾಲಿ ಇದೆ
ಬಿ: ಖಾಲಿ ಇದೆ
ಎ: ಬರೆದೆ
ಬಿ: ಬರೆದೆ

ಈ ಆರು ಸಾಲನ್ನು ತಂಡ ಬಹಳ ಹೊತ್ತು ನೋಡಿತು. ಆಮೇಲೆ ಒಬ್ಬ ಹೇಳಿದ: “ಇದು ಆಪರೇಟಿಂಗ್ ಸಿಸ್ಟಮ್ಸ್‌ನಲ್ಲಿ ಓದಿದ ರೇಸ್ ಕಂಡಿಷನ್ ಅಲ್ವಾ?” ಅದೇ: ಎರಡು ಕೆಲಸಗಳಲ್ಲಿ ಯಾವುದು ಯಾವಾಗ ನಡೆಯಿತು ಎಂಬುದರ ಮೇಲೆ ಫಲ ಬದಲಾಗುವ ದೋಷ. ಒಂದೇ ಖಾತೆಯಿಂದ ಇಬ್ಬರು ಒಟ್ಟಿಗೆ ಹಣ ತೆಗೆಯುವ ಉದಾಹರಣೆಯನ್ನು ಹಿಂದಿನ ವರ್ಷ ಪರೀಕ್ಷೆಯಲ್ಲಿ ಬರೆದಿದ್ದರು, ಅಂಕವೂ ಪಡೆದಿದ್ದರು. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1965ರಲ್ಲೇ ಪರಸ್ಪರ ತಡೆಯ (ಒಂದು ಕೆಲಸ ನಡೆಯುವಾಗ ಇನ್ನೊಂದನ್ನು ಒಳಗೆ ಬಿಡದಿರುವುದರ) ಬಗ್ಗೆ ಬರೆದದ್ದನ್ನೂ ಓದಿದ್ದರು. ತಾವೇ ಬರೆದ ಕೋಡಿನಲ್ಲಿ ಅದು ಕೂತಿರುವಾಗ ಮಾತ್ರ ಗುರುತು ಸಿಗಲಿಲ್ಲ.

ಆ ಮೂರು ಹೆಜ್ಜೆಯ ಕೋಡನ್ನು ಎಐ ಸಹಾಯಕದಿಂದ ಬರೆಸಿದ್ದರು. ಅದರಲ್ಲಿ ನನಗೇನೂ ತಕರಾರಿಲ್ಲ. ಸಾಲು ಸಾಲಾಗಿ ಓದಿದರೆ ಆ ಕೋಡಿನಲ್ಲಿ ತಪ್ಪೇ ಕಾಣುವುದಿಲ್ಲ. ತಪ್ಪು ಇರುವುದು ಎರಡು ಸಾಲುಗಳ ನಡುವಿನ ಸಮಯದಲ್ಲಿ. ಅದನ್ನು ಓದಿ ಹಿಡಿಯಲು ಆಗುವುದಿಲ್ಲ, ಎರಡು ರಿಕ್ವೆಸ್ಟುಗಳನ್ನು ಮನಸ್ಸಿನಲ್ಲಿ ಒಟ್ಟಿಗೆ ಓಡಿಸಿ ನೋಡಬೇಕು. ಕೋಡ್ ಯಾರೇ ಬರೆದುಕೊಡಲಿ, ಈ ಅಭ್ಯಾಸವನ್ನು ಕಲಿಯುವವರೇ ಬೆಳೆಸಿಕೊಳ್ಳಬೇಕು.

ಟ್ರಾನ್ಸಾಕ್ಷನ್ ಸಾಕಾಗಲಿಲ್ಲ

ಡೇಟಾಬೇಸ್ ಪಾಠ ನೆನಪಾಗಿ ತಂಡ ಮೂರೂ ಹೆಜ್ಜೆಯನ್ನು ಒಂದು ಟ್ರಾನ್ಸಾಕ್ಷನ್ ಒಳಗೆ, ಅಂದರೆ ಎಲ್ಲವೂ ಆಗಬೇಕು ಇಲ್ಲವೇ ಏನೂ ಆಗಬಾರದು ಎಂಬ ಕಟ್ಟಿನೊಳಗೆ, ಹಾಕಿತು. ಮತ್ತೆ ಎರಡು ಟರ್ಮಿನಲ್, ಮತ್ತೆ ಎರಡು 201. ಇದು ಅವರಿಗೆ ನಿಜಕ್ಕೂ ಆಘಾತ. ಟ್ರಾನ್ಸಾಕ್ಷನ್ ಅಂದರೆ ಎಲ್ಲ ಸುರಕ್ಷಿತ ಎಂದು ಓದಿದ್ದರು.

ಪೋಸ್ಟ್‌ಗ್ರೆಸ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ಟ್ರಾನ್ಸಾಕ್ಷನ್ ಓಡುವುದು ‘ರೀಡ್ ಕಮಿಟೆಡ್’ ಎಂಬ ಐಸೊಲೇಷನ್ (ಪ್ರತ್ಯೇಕತೆಯ) ಮಟ್ಟದಲ್ಲಿ. ಇನ್ನೊಬ್ಬರು ಬರೆದು ಕಮಿಟ್ ಮಾಡಿದ್ದು (ಕಾಯಂ ಮಾಡಿದ್ದು) ಮಾತ್ರ ಕಾಣುತ್ತದೆ. ಎ ಇನ್ನೂ ಕಮಿಟ್ ಮಾಡಿಲ್ಲ, ಹಾಗಾಗಿ ಬಿ ಕಣ್ಣಿಗೆ ಸ್ಲಾಟ್ ಖಾಲಿ. ಒಂದು ಮಟ್ಟ ಏರಿಸಿ ‘ರಿಪೀಟಬಲ್ ರೀಡ್’ ಮಾಡಿದರೂ ಇಲ್ಲಿ ಪ್ರಯೋಜನವಿಲ್ಲ. ಇಬ್ಬರೂ ತಮ್ಮ ತಮ್ಮ ಹಳೆಯ ಚಿತ್ರವನ್ನೇ ನೋಡುತ್ತಾರೆ, ಇಬ್ಬರೂ ಬೇರೆ ಬೇರೆ ಹೊಸ ಸಾಲು ಬರೆಯುತ್ತಾರೆ. ಯಾರೂ ಯಾರದನ್ನೂ ಮುಟ್ಟಿಲ್ಲ.

“ಹಾಗಾದ್ರೆ ಲಾಕ್ ಹಾಕೋಣ” ಎಂದರು. ಸೆಲೆಕ್ಟ್ ಫಾರ್ ಅಪ್‌ಡೇಟ್ ಬರೆದರು. ಅದೂ ಸೋತಿತು, ಮತ್ತು ಸೋತ ಕಾರಣ ಬಹಳ ಕಲಿಸುವಂಥದ್ದು. ಆ ಆಜ್ಞೆ ಸಿಕ್ಕಿದ ಸಾಲುಗಳಿಗೆ ಬೀಗ ಹಾಕುತ್ತದೆ. ಖಾಲಿ ಸ್ಲಾಟಿಗೆ ಟೇಬಲ್ಲಿನಲ್ಲಿ ಸಾಲೇ ಇಲ್ಲ! ಇಲ್ಲದ್ದಕ್ಕೆ ಬೀಗ ಹೇಗೆ ಹಾಕುವುದು? ಯಂತ್ರದ ಸಾಲಿಗೆ ಬೀಗ ಹಾಕಬಹುದಿತ್ತು, ಆಗ ಆ ಯಂತ್ರದ ಬುಕಿಂಗುಗಳೆಲ್ಲ ಒಂದರ ಹಿಂದೆ ಒಂದು ನಡೆಯುತ್ತವೆ. ಟ್ರಾನ್ಸಾಕ್ಷನ್ನುಗಳು ಒಂದರ ಹಿಂದೆ ಒಂದು ನಡೆದಂತೆಯೇ ಫಲ ಕೊಡುವ ‘ಸೀರಿಯಲೈಸಬಲ್’ ಮಟ್ಟಕ್ಕೆ ಹೋದರೂ ಕೆಲಸ ಆಗುತ್ತದೆ. ಆದರೆ ಆಗ ಡೇಟಾಬೇಸ್ ಒಂದು ಟ್ರಾನ್ಸಾಕ್ಷನ್ನನ್ನು ತಿರಸ್ಕರಿಸಿದಾಗಲೆಲ್ಲ ಮತ್ತೆ ಪ್ರಯತ್ನಿಸುವ ಕೋಡ್ ಬರೆಯಬೇಕು.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಸರಳವಾದದ್ದು: ಯಂತ್ರ ಮತ್ತು ಆರಂಭದ ಸಮಯ, ಈ ಎರಡೂ ಸೇರಿ ಟೇಬಲ್ಲಿನಲ್ಲಿ ಒಂದೇ ಸಲ ಬರಬೇಕು ಎಂಬ ಯುನೀಕ್ ನಿರ್ಬಂಧ. ಒಂದು ಸಾಲಿನ ಆಜ್ಞೆ. ಇದನ್ನು ಹಾಕಿದ ಮೇಲೆ ಇಬ್ಬರು ಒಟ್ಟಿಗೆ ಬರೆಯಲು ಬಂದರೆ ಎರಡನೆಯವರು ಮೊದಲನೆಯವರ ಕೆಲಸ ಮುಗಿಯುವವರೆಗೆ ಕಾಯುತ್ತಾರೆ. ಮೊದಲನೆಯದು ಕಮಿಟ್ ಆದರೆ ಎರಡನೆಯದಕ್ಕೆ 23505 ಎಂಬ ದೋಷ ಸಂಖ್ಯೆ ಬರುತ್ತದೆ. ಸರ್ವರಿನ ಹತ್ತು ಪ್ರತಿಗಳನ್ನು ಒಟ್ಟಿಗೆ ಓಡಿಸಿದರೂ, ಯಾರಾದರೂ ನಾಳೆ ಬೇರೆ ಭಾಷೆಯಲ್ಲಿ ಇನ್ನೊಂದು ಪ್ರೋಗ್ರಾಮ್ ಬರೆದು ಅದೇ ಡೇಟಾಬೇಸಿಗೆ ಜೋಡಿಸಿದರೂ ಈ ನಿಯಮ ನಿಲ್ಲುತ್ತದೆ.

ಸ್ಲಾಟುಗಳು ಒಂದೇ ಅಳತೆಯವು ಆಗಿದ್ದರಿಂದ ಇಷ್ಟು ಸಾಕಾಯಿತು. 10ರಿಂದ 11:30, 11ರಿಂದ 12 ಎಂದು ಬೇಕಾದಷ್ಟು ಹೊತ್ತು ಬುಕ್ ಮಾಡುವಂತಿದ್ದರೆ ಯುನೀಕ್ ನಿರ್ಬಂಧ ಏನೂ ಹಿಡಿಯುತ್ತಿರಲಿಲ್ಲ, ಆರಂಭದ ಸಮಯಗಳು ಬೇರೆ ಬೇರೆ ಅಲ್ವಾ. ಅದಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ‘ಎಕ್ಸ್‌ಕ್ಲೂಷನ್’ ನಿರ್ಬಂಧ ಇದೆ. 2012ರಲ್ಲಿ ಬಂದ ರೇಂಜ್ ಮಾದರಿಗಳ ಜೊತೆ ಬಳಸಿದರೆ ಒಂದರ ಮೇಲೊಂದು ಬೀಳುವ ಅವಧಿಗಳನ್ನೇ ಅದು ತಡೆಯುತ್ತದೆ. ಬುಕಿಂಗ್ ವ್ಯವಸ್ಥೆ ಕಟ್ಟಲು ಹೊರಟ ಯಾವ ತಂಡಕ್ಕೂ ಇದನ್ನು ಮೊದಲೇ ತೋರಿಸಬೇಕು ಎಂದು ನನ್ನ ಅಭಿಪ್ರಾಯ.

ನಿರ್ಬಂಧ ಹಾಕಲು ಹೋದಾಗ

ಆಜ್ಞೆ ಓಡಿಸಿದರೆ ಡೇಟಾಬೇಸ್ ಒಪ್ಪಲಿಲ್ಲ. ಹಳೆಯ ಜೋಡಿ ಬುಕಿಂಗುಗಳು ಟೇಬಲ್ಲಿನಲ್ಲಿ ಇನ್ನೂ ಇದ್ದವಲ್ಲ. ಕೆಲವು ಮುಗಿದು ಹೋದ ದಿನಗಳವು, ಕೆಲವು ಮುಂದಿನ ವಾರದವು.

ತಂಡದಲ್ಲಿ ಒಬ್ಬ ಕೂಡಲೇ ಸ್ಕ್ರಿಪ್ಟ್ ಬರೆದ: ಯಾವುದು ಮೊದಲು ದಾಖಲಾಗಿದೆಯೋ ಅದನ್ನು ಉಳಿಸು, ಉಳಿದದ್ದನ್ನು ಅಳಿಸು. ಓಡಿಸುವ ಮೊದಲು ಪ್ರಯೋಗಾಲಯದ ತಂತ್ರಜ್ಞರನ್ನು ಕೇಳಿ ಎಂದೆ. ಕೇಳಿದ್ದು ಒಳ್ಳೆಯದಾಯಿತು. ಮುಂದಿನ ವಾರದ ಒಂದು ಸ್ಲಾಟಿನಲ್ಲಿ ಎರಡನೆಯವರಾಗಿ ದಾಖಲಾದವರ ಮಾದರಿ ಆಗಲೇ ತಯಾರಾಗುತ್ತಿತ್ತು, ಆ ದಿನ ಬಿಟ್ಟರೆ ಅದು ಕೆಡುತ್ತಿತ್ತು. ಮೊದಲನೆಯವರಿಗೆ ಯಾವ ದಿನವಾದರೂ ಆಗುತ್ತಿತ್ತು. ಮಿಲಿಸೆಕೆಂಡುಗಳ ಲೆಕ್ಕದಲ್ಲಿ ತೀರ್ಮಾನ ಮಾಡಿದ್ದರೆ ಒಬ್ಬರ ಕೆಲಸ ಹಾಳಾಗುತ್ತಿತ್ತು. ತಂಡ ಒಬ್ಬೊಬ್ಬರನ್ನೂ ಮಾತಾಡಿಸಿ ಸರಿಮಾಡಿತು, ಆಮೇಲೆ ನಿರ್ಬಂಧ ಹಾಕಿತು. ಪ್ರಾಜೆಕ್ಟ್ ಖಾಲಿ ಡೇಟಾಬೇಸಿನಲ್ಲಿ ಶುರುವಾಗಿ ಖಾಲಿ ಡೇಟಾಬೇಸಿನಲ್ಲೇ ಮುಗಿದರೆ ಈ ಅನುಭವ ಯಾವತ್ತೂ ಸಿಗುವುದಿಲ್ಲ.

ಇನ್ನೂ ಮೂರು ಸಣ್ಣ ವಿಷಯ ಹೊರಬಂದವು. 23505 ಬಂದಾಗ ಸರ್ವರ್ ಅದನ್ನು 500 ಎಂದು ಕಳಿಸುತ್ತಿತ್ತು, ಅಂದರೆ ಸರ್ವರೇ ಕೆಟ್ಟಿದೆ ಎಂಬ ಉತ್ತರ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಾವಳಿಯಾದ ಎಚ್‌ಟಿಟಿಪಿಯಲ್ಲಿ ಇದಕ್ಕೆಂದೇ 409 ಇದೆ: ನಿಮ್ಮ ಕೋರಿಕೆ ಈಗಿನ ಸ್ಥಿತಿಯ ಜೊತೆ ಹೊಂದುತ್ತಿಲ್ಲ ಎಂದು ಹೇಳುವುದು. ಅದನ್ನು ಕಳಿಸಿ, ಪುಟದಲ್ಲಿ ‘ಈ ಸ್ಲಾಟ್ ಈಗಷ್ಟೇ ಬೇರೆಯವರಿಗೆ ಹೋಯಿತು’ ಎಂದು ತೋರಿಸಿ, ಕ್ಯಾಲೆಂಡರನ್ನು ಹೊಸದಾಗಿ ತರಿಸಿದರು.

ಅಲ್ಲಿಂದ ಎರಡನೆಯದು ಹುಟ್ಟಿತು. ನೆಟ್‌ವರ್ಕ್ ನಿಧಾನ ಇದ್ದ ಒಬ್ಬರು ಬಟನ್ ಎರಡು ಸಲ ಒತ್ತಿದ್ದರು. ಮೊದಲ ಒತ್ತು ಬುಕ್ ಆಯಿತು, ಎರಡನೆಯದಕ್ಕೆ 409 ಬಂತು. ತಮ್ಮದೇ ಸ್ಲಾಟ್ ‘ಬೇರೆಯವರಿಗೆ ಹೋಯಿತು’ ಎಂದು ಓದಿ ಅವರು ಇನ್ನೊಂದು ಸಮಯವನ್ನೂ ಬುಕ್ ಮಾಡಿಬಿಟ್ಟರು. ಗೆಟ್, ಪುಟ್, ಡಿಲೀಟ್ ರಿಕ್ವೆಸ್ಟುಗಳನ್ನು ಎಷ್ಟು ಸಲ ಕಳಿಸಿದರೂ ಫಲ ಒಂದೇ ಇರಬೇಕು ಎಂದು ಎಚ್‌ಟಿಟಿಪಿ ಹೇಳುತ್ತದೆ. ಪೋಸ್ಟ್‌ಗೆ ಆ ಭರವಸೆ ಇಲ್ಲ, ಅದನ್ನು ನಾವೇ ಕಟ್ಟಿಕೊಳ್ಳಬೇಕು. ಘರ್ಷಣೆ ಬಂದಾಗ ಆ ಸ್ಲಾಟ್ ಯಾರದು ಎಂದು ನೋಡಿ, ಕೇಳಿದವರದೇ ಆಗಿದ್ದರೆ ಇರುವ ಬುಕಿಂಗನ್ನೇ ಮರಳಿಸುವಂತೆ ಮಾಡಿದರು.

ಮೂರನೆಯದು ರದ್ದು ಮಾಡಿದ ಬುಕಿಂಗುಗಳದ್ದು. ಅವುಗಳ ಸಾಲು ಅಳಿಯದೆ ‘ರದ್ದು’ ಎಂಬ ಗುರುತಿನೊಂದಿಗೆ ಟೇಬಲ್ಲಿನಲ್ಲೇ ಉಳಿಯುತ್ತಿತ್ತು. ಹೊಸ ನಿರ್ಬಂಧದಿಂದಾಗಿ ಅಂಥ ಸ್ಲಾಟನ್ನು ಮತ್ತೆ ಯಾರೂ ಬುಕ್ ಮಾಡಲು ಆಗಲಿಲ್ಲ. ಜಾರಿಯಲ್ಲಿರುವ ಸಾಲುಗಳಿಗೆ ಮಾತ್ರ ಅನ್ವಯಿಸುವ ಪಾರ್ಷಿಯಲ್ ಯುನೀಕ್ ಇಂಡೆಕ್ಸ್ ಹಾಕಿದ ಮೇಲೆ ಅದು ಸರಿಯಾಯಿತು.

ಹುಡುಕುತ್ತಾ ಸಿಕ್ಕ ಇನ್ನೊಂದು

ಕರ್ಲ್ ಕೈಗೆ ಬಂದ ಮೇಲೆ ವಿದ್ಯಾರ್ಥಿಗಳು ತಾವಾಗಿಯೇ ಉಳಿದ ಕಡೆಗಳನ್ನೂ ತಟ್ಟಿ ನೋಡತೊಡಗಿದರು. ಬುಕಿಂಗ್ ರದ್ದು ಮಾಡುವ ವಿಳಾಸದ ಕೊನೆಯಲ್ಲಿ ಬುಕಿಂಗಿನ ಸಂಖ್ಯೆ ಇತ್ತು. 41ರ ಬದಲು 42 ಬರೆದು ಕಳಿಸಿದರೆ ಬೇರೆಯವರ ಬುಕಿಂಗ್ ರದ್ದಾಯಿತು. ಲಾಗಿನ್ ಆಗಿದ್ದಾರಾ ಎಂದು ಸರ್ವರ್ ನೋಡುತ್ತಿತ್ತು, ಆ ಬುಕಿಂಗ್ ಅವರದೇನಾ ಎಂದು ನೋಡುತ್ತಿರಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಬುಕ್ ಮಾಡುವಾಗ ಬಳಕೆದಾರರ ಸಂಖ್ಯೆಯೇ ಬ್ರೌಸರಿನಿಂದ ಬರುತ್ತಿತ್ತು. ಯಾರ ಹೆಸರಿನಲ್ಲಿ ಬೇಕಾದರೂ ಬುಕ್ ಮಾಡಬಹುದಿತ್ತು.

ವೆಬ್ ಸುರಕ್ಷತೆಯ ಮೇಲೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆಯ 2021ರ ಪಟ್ಟಿಯಲ್ಲಿ ವೆಬ್ ಅಪ್ಲಿಕೇಶನ್ನುಗಳ ಅಪಾಯಗಳಲ್ಲಿ ಮೊದಲ ಸ್ಥಾನ ಈ ಬಗೆಯ ದೋಷಕ್ಕೇ: ಯಾರಿಗೆ ಏನು ಮಾಡುವ ಹಕ್ಕಿದೆ ಎಂಬ ತಪಾಸಣೆ ಕೈಕೊಡುವುದು. ಎಚ್‌ಟಿಟಿಪಿಗೆ ನೆನಪಿಲ್ಲ, ಪ್ರತಿ ರಿಕ್ವೆಸ್ಟೂ ಅದಕ್ಕೆ ಹೊಸದು. ಅದಕ್ಕೆಂದೇ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲ್ಲಿ ಕುಕಿಯನ್ನು, ಅಂದರೆ ಬ್ರೌಸರ್ ಇಟ್ಟುಕೊಂಡು ಪ್ರತಿ ರಿಕ್ವೆಸ್ಟಿನ ಜೊತೆ ಮರಳಿ ಕಳಿಸುವ ಪುಟ್ಟ ಗುರುತನ್ನು, ತಂದರು. ಸೆಷನ್ ಕುಕಿಯಿಂದ ಬಳಕೆದಾರರು ಯಾರೆಂದು ಸರ್ವರೇ ತಿಳಿದುಕೊಳ್ಳಬಹುದು. ಹಾಗಿರುವಾಗ ಬ್ರೌಸರ್ ಹೇಳಿದ ಸಂಖ್ಯೆಯನ್ನು ನಂಬುವ ಅಗತ್ಯವೇ ಇರಲಿಲ್ಲ. ಎರಡು ಬುಕಿಂಗಿನ ದೋಷಕ್ಕೂ ಇದಕ್ಕೂ ಬೇರು ಒಂದೇ: ಬ್ರೌಸರನ್ನು ನಂಬಿದ್ದು. ತಂಡಕ್ಕೆ ಆ ಬೇರು ಕಂಡದ್ದರಿಂದಲೇ ಇದು ಸಿಕ್ಕಿತು, ನಾನು ತೋರಿಸಬೇಕಾಗಿ ಬರಲಿಲ್ಲ.

ಹೀಗೇಕಾಯಿತು

ರಿಯಾಕ್ಟ್‌ನಂಥ ಫ್ರೇಮ್‌ವರ್ಕ್, ಅಂದರೆ ಸಿದ್ಧ ಚೌಕಟ್ಟಿನ ಮೇಲೆ ತಪ್ಪು ಹಾಕುವುದು ಸುಲಭ. ನನಗೆ ಅದು ಸರಿ ಅನ್ನಿಸುವುದಿಲ್ಲ. ಇದೇ ದೋಷವನ್ನು ಹಳೆಯ ಪಿಎಚ್‌ಪಿಯಲ್ಲೂ, ಯಾವ ಫ್ರೇಮ್‌ವರ್ಕ್ ಇಲ್ಲದೆಯೂ ಆರಾಮಾಗಿ ಬರೆಯಬಹುದು. ವಿದ್ಯಾರ್ಥಿಗಳು ಓದಿಲ್ಲ ಎನ್ನುವುದೂ ಸರಿಯಲ್ಲ. ರೇಸ್ ಕಂಡಿಷನ್ ಆಪರೇಟಿಂಗ್ ಸಿಸ್ಟಮ್ಸ್ ವಿಷಯದಲ್ಲಿತ್ತು. ನಿರ್ಬಂಧ, ಐಸೊಲೇಷನ್ ಮಟ್ಟ ಡೇಟಾಬೇಸ್ ವಿಷಯದಲ್ಲಿತ್ತು. ಎಚ್‌ಟಿಟಿಪಿ ನೆಟ್‌ವರ್ಕ್ ವಿಷಯದಲ್ಲಿತ್ತು. ಬೇಕಾದ ತುಂಡುಗಳೆಲ್ಲ ಅವರ ಬಳಿ ಇದ್ದವು. ಅವು ಒಂದೆಡೆ ಸೇರಬೇಕಾದ ಜಾಗ ವೆಬ್ ಪ್ರಾಜೆಕ್ಟ್. ಅಲ್ಲಿ ನಾವು ಕಲಿಸುತ್ತಿದ್ದದ್ದು ಕಾಂಪೊನೆಂಟ್, ಸ್ಟೇಟ್, ರೂಟಿಂಗ್ ಎಂಬ ಮುಂದಿನ ಭಾಗದ ವಿಷಯಗಳು.

ಅದಕ್ಕಿಂತ ದೊಡ್ಡ ಕಾರಣ ಅಳೆಯುವ ರೀತಿ. ಪ್ರದರ್ಶನದಲ್ಲಿ ಒಬ್ಬ ವಿದ್ಯಾರ್ಥಿ, ಒಂದು ಲ್ಯಾಪ್‌ಟಾಪ್, ಒಂದು ಬ್ರೌಸರ್ ಕಿಟಕಿ. ಸರ್ವರ್, ಡೇಟಾಬೇಸ್ ಎಲ್ಲ ಅದೇ ಯಂತ್ರದಲ್ಲಿ. ನೆಟ್‌ವರ್ಕ್ ಯಾವತ್ತೂ ನಿಧಾನವಾಗುವುದಿಲ್ಲ. ಬಳಕೆದಾರರು ಯಾವತ್ತೂ ಇಬ್ಬರಿರುವುದಿಲ್ಲ. ಒತ್ತಬೇಕಾದ ಬಟನ್ನುಗಳನ್ನು ಕಟ್ಟಿದವರೇ ಒತ್ತುತ್ತಾರೆ. ಅಂಕದ ಹಾಳೆಯಲ್ಲಿ ಎಷ್ಟು ವೈಶಿಷ್ಟ್ಯಗಳಿವೆ, ಪುಟ ಹೇಗಿದೆ, ವರದಿ ಹೇಗಿದೆ ಎಂಬ ಸಾಲುಗಳಿದ್ದವು. ಈ ತಂಡ ಆ ಹಾಳೆಗೆ ತಕ್ಕಂತೆ ಕಟ್ಟಿತು, ಚೆನ್ನಾಗಿಯೇ ಕಟ್ಟಿತು. ಮಕ್ಕಳು ಕಲಿಯುವುದು ನಾವು ಹೇಳಿದ್ದನ್ನಲ್ಲ, ನಾವು ಪರೀಕ್ಷಿಸುವುದನ್ನು. ಹಾಗಾಗಿ ಪಠ್ಯಕ್ರಮಕ್ಕೆ ಇನ್ನೊಂದು ಅಧ್ಯಾಯ ಸೇರಿಸುವುದಕ್ಕಿಂತ ಮೊದಲು ಆ ಹಾಳೆಯನ್ನು ಬದಲಿಸಬೇಕು ಎಂದು ನಾನು ವಾದಿಸಿದೆ.

ಬದಲಾದದ್ದು

ಈಗ ಪ್ರದರ್ಶನವನ್ನು ಕಟ್ಟಿದ ತಂಡ ಮಾಡುವುದಿಲ್ಲ, ಇನ್ನೊಂದು ತಂಡ ಮಾಡುತ್ತದೆ. ಅವರಿಗೆ ಎರಡು ಬ್ರೌಸರ್, ಒಂದು ಟರ್ಮಿನಲ್ ಕೊಡುತ್ತೇವೆ. ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕನ್ನು ಬೇಕೆಂದೇ ನಿಧಾನ ಮಾಡುತ್ತಾರೆ. ಬಟನ್ ಎರಡು ಸಲ ಒತ್ತುತ್ತಾರೆ. ಒಂದು ಟ್ಯಾಬಿನಲ್ಲಿ ಲಾಗೌಟ್ ಆಗಿ ಇನ್ನೊಂದರಲ್ಲಿ ಮುಂದುವರಿಯುತ್ತಾರೆ. ವಿಳಾಸದ ಸಂಖ್ಯೆ ಬದಲಿಸಿ ನೋಡುತ್ತಾರೆ. ಏನಾದರೂ ಮುರಿದರೆ ಕಟ್ಟಿದವರಿಗೆ ಅಂಕ ಹೋಗುವುದಿಲ್ಲ. ಯಾಕೆ ಮುರಿಯಿತು ಎಂದು ವಿವರಿಸಿ ಸರಿಮಾಡಿದರೆ ಪೂರ್ತಿ ಅಂಕ. ಇದು ನನಗೆ ತುಂಬಾ ಮುಖ್ಯ. ಅಂಕ ಹೋಗುವ ಭಯ ಇದ್ದರೆ ದೋಷ ಬಚ್ಚಿಡುತ್ತಾರೆ, ಆಗ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಇದರ ಜೊತೆ ಪ್ರತಿ ತಂಡ ಒಂದು ಪುಟದ ನಿಯಮಪಟ್ಟಿ ಕೊಡಬೇಕು. ಅಪ್ಲಿಕೇಶನ್ನಿನಲ್ಲಿ ಯಾವತ್ತೂ ಮುರಿಯಬಾರದ ನಿಯಮಗಳು ಯಾವುವು, ಪ್ರತಿಯೊಂದನ್ನೂ ಎಲ್ಲಿ ಕಾಯುತ್ತೀರಿ: ಬ್ರೌಸರಿನಲ್ಲೋ, ಸರ್ವರಿನಲ್ಲೋ, ಡೇಟಾಬೇಸಿನಲ್ಲೋ. ‘ಬ್ರೌಸರ್’ ಎಂದು ಮಾತ್ರ ಬರೆದಿರುವ ಸಾಲು ಕಂಡರೆ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಎಷ್ಟೋ ಸಲ ಬರೆಯುತ್ತಿರುವಾಗಲೇ ಅವರಿಗೇ ಹೊಳೆದು, ಆ ಸಾಲು ನಮ್ಮ ಕೈಗೆ ಬರುವ ಮೊದಲೇ ಸರಿಯಾಗಿರುತ್ತದೆ.

ಪಾಠದ ಕ್ರಮವನ್ನೂ ತಿರುಗಿಸಿದೆವು. ಮೊದಲ ವಾರಗಳಲ್ಲಿ ಫ್ರೇಮ್‌ವರ್ಕ್ ಇಲ್ಲ. ನೋಡ್‌ನ ಬರಿ ಎಚ್‌ಟಿಟಿಪಿ ಮಾಡ್ಯೂಲಿನಿಂದ ಪುಟ್ಟ ಸರ್ವರ್ ಬರೆಯುತ್ತಾರೆ. ಸ್ಥಿತಿ ಸಂಖ್ಯೆ, ಹೆಡರ್, ಎಚ್‌ಟಿಎಂಎಲ್ ಎಲ್ಲವನ್ನೂ ಕೈಯಾರೆ ಕಳಿಸುತ್ತಾರೆ. ಜಾವಾಸ್ಕ್ರಿಪ್ಟ್ ಇಲ್ಲದ ಸಾದಾ ಫಾರ್ಮಿನಿಂದ ಪೋಸ್ಟ್ ಮಾಡುತ್ತಾರೆ. ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಕಟ್ಟಿದ ವೆಬ್ಬಿಗೂ ಇವತ್ತಿನದಕ್ಕೂ ತಳದಲ್ಲಿ ಇರುವುದು ಅದೇ ಕೇಳು-ಕೊಡು ವ್ಯವಹಾರ ಎಂಬುದು ಆಗ ಕಾಣುತ್ತದೆ. ಆಮೇಲೆ ಡೇಟಾಬೇಸ್, ಸೆಷನ್. ರಿಯಾಕ್ಟ್ ಕೊನೆಗೆ. ಅಷ್ಟು ಹೊತ್ತಿಗೆ ರಿಯಾಕ್ಟ್ ಯಾವ ಕಷ್ಟವನ್ನು ಕಡಿಮೆ ಮಾಡುತ್ತದೆ, ಯಾವುದನ್ನು ಮುಟ್ಟುವುದೇ ಇಲ್ಲ ಎಂಬುದು ಅವರಿಗೇ ಗೊತ್ತಿರುತ್ತದೆ.

ಇದಕ್ಕಾಗಿ ಕೆಲವನ್ನು ಬಿಡಬೇಕಾಯಿತು. ಸ್ಟೇಟ್ ನಿರ್ವಹಣೆಯ ಲೈಬ್ರರಿ ಹೋಯಿತು, ಸಿಎಸ್‌ಎಸ್ ಅನಿಮೇಷನ್ ಹೋಯಿತು, ಮೊಬೈಲ್ ಆ್ಯಪ್ ಕಟ್ಟುವ ಭಾಗವೂ ಹೋಯಿತು. ಪ್ರಾಜೆಕ್ಟುಗಳು ಮೊದಲಿನಷ್ಟು ಮಿಂಚುವುದಿಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ಹೆಸರಿಸಲು ಲೈಬ್ರರಿಗಳು ಕಡಿಮೆ ಎಂದು ವಿದ್ಯಾರ್ಥಿಗಳು ಬೇಸರ ಪಡುತ್ತಾರೆ. ಅವರ ಚಿಂತೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹಾಗಾಗಿ ಆ ಲೈಬ್ರರಿಗಳಿಗೆ ಅಭ್ಯಾಸದ ಹಾಳೆಗಳನ್ನು ಕೊಟ್ಟಿದ್ದೇವೆ, ಬೇಕಾದವರು ಬಿಡುವಿನಲ್ಲಿ ಮಾಡಿಕೊಳ್ಳುತ್ತಾರೆ. ತರಗತಿಯ ಸಮಯವನ್ನು ಮಾತ್ರ ಒಬ್ಬರೇ ಕೂತು ಕಲಿಯಲು ಕಷ್ಟವಾದದ್ದಕ್ಕೆ ಇಟ್ಟುಕೊಂಡಿದ್ದೇವೆ. ಆರು ಸಾಲಿನ ಆ ಲಾಗ್ ಈಗ ನಾಲ್ಕನೇ ವಾರದ ಲ್ಯಾಬಿನಲ್ಲಿದೆ. ಪ್ರತಿಯೊಬ್ಬರೂ ಅದನ್ನು ತಮ್ಮದೇ ಕೋಡಿನಿಂದ ಬರಿಸಿ ತೋರಿಸಬೇಕು, ಆಮೇಲೆ ಬಾರದಂತೆಯೂ ಮಾಡಿ ತೋರಿಸಬೇಕು.